ಗೇಣುದ್ದದ ಅಂಬಾಸಿಡರ್, ಕಡ ತಂದ ಕಣ್ಣು

(ಮಾದರಿ ಕಾರುಗಳನ್ನು ಕಟ್ಟುವ ಹವ್ಯಾಸಿಗಳ ಒಂದು ದಿನದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಕಾರನ್ನು ಎತ್ತಿ ತೋರಿಸಿದ ಕಡೆ, ಓದುವವರಿಗೆ ಕಾಣಲೆಂದು ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ಕಾರಿನ ಉದ್ದ 18 ಸೆಂಟಿಮೀಟರ್. ಒಂದು ಗೇಣಿಗೆ ತುಸು ಕಡಿಮೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಇದು ಯಾವ ಕಾರು ಎಂದು ಹೇಳಬೇಕಾಗಿಲ್ಲ. ದುಂಡನೆಯ ಬೆನ್ನು, ಹೆಡ್‌ಲೈಟಿನ ಮೇಲೆ ಹುಬ್ಬು, ಮುಂದೆ ಚದುರಂಗದ ಮನೆಗಳಂಥ ಜಾಲರಿ. ಅಂಬಾಸಿಡರ್ ಮಾರ್ಕ್ 2. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮೂಲವಾಗಿಟ್ಟುಕೊಂಡು ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಕಾರು. ನಮ್ಮ ತಂದೆ ಸರ್ಕಾರಿ ಇಲಾಖೆಯೊಂದರಲ್ಲಿ ಚಾಲಕರಾಗಿದ್ದರು. ಅವರು ಬೆಳಿಗ್ಗೆ ಆರು ಗಂಟೆಗೆ ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದದ್ದು ಇದೇ ಕಾರನ್ನು. ಹಾಗಾಗಿ ಕಟ್ಟಿದರೆ ಇದನ್ನೇ ಕಟ್ಟಬೇಕು ಎಂದು ಬಹಳ ವರ್ಷಗಳಿಂದ ಮನಸ್ಸಿನಲ್ಲಿತ್ತು.

ಕಟ್ಟಲು 14 ತಿಂಗಳು ಹಿಡಿಯಿತು. ಕಟ್ಟಿದ ಕೈ ನನ್ನದೇ. ಆದರೆ ಇದು ಈಗ ಇರುವ ಹದಕ್ಕೆ ಬಂದದ್ದು ನನ್ನ ಕಣ್ಣಿನಿಂದಲ್ಲ. ಮೂವರ ಕಣ್ಣನ್ನು ನಾನು ಕಡ ತಂದಿದ್ದೇನೆ. ಇವತ್ತು ಮಾತನಾಡಬೇಕೆಂದಿರುವುದು ಆ ಕಡದ ಬಗ್ಗೆಯೇ. ನಾವು ಬೇರೆಯವರ ಕೆಲಸ ನೋಡಿ ಏನನ್ನಾದರೂ ಹೇಳುವಾಗ ಮಾಡುವುದು ತೀರ್ಪು ಕೊಡುವ ಕೆಲಸವಲ್ಲ. ನಮ್ಮ ಕಣ್ಣನ್ನು ಅವರಿಗೆ ಸ್ವಲ್ಪ ಹೊತ್ತು ಕೊಟ್ಟಿರುವ ಕೆಲಸ. ಇದು ನನಗೆ ಅರ್ಥವಾಗುವಷ್ಟರಲ್ಲಿ ಒಬ್ಬ ಹುಡುಗನಿಗೆ ಅನ್ಯಾಯ ಮಾಡಿಬಿಟ್ಟಿದ್ದೆ. ಅದನ್ನೂ ಹೇಳುತ್ತೇನೆ.

ಹೊಸಬರಿಗಾಗಿ ಮೊದಲು ಅಳತೆಯ ಮಾತು. ಈ ಕಾರು 1:24ರದು. 1:24 ಎಂದರೆ ನಿಜವಾದ ಕಾರಿನ 24 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. ಅಡಿ, ಅಂಗುಲಗಳ ಕಾಲದ ಲೆಕ್ಕದಲ್ಲಿ ಒಂದು ಅಡಿಗೆ ಅರ್ಧ ಅಂಗುಲ. ಬಿಡಿ ಭಾಗಗಳನ್ನು ಜೋಡಿಸಿ ಕಟ್ಟುವ ಅಮೆರಿಕದ ಹಳೆಯ ಕಿಟ್‌ಗಳು ಹೆಚ್ಚಾಗಿ 1:25ರಲ್ಲಿವೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಡುವ ಚಿಕ್ಕ ಲೋಹದ ಕಾರುಗಳ 1:43 ಅಳತೆ ಆಟಿಕೆ ರೈಲುಗಳಿಂದ ಬಂದದ್ದು, ಒಂದು ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕದಿಂದ. ಉಳಿದ ಅಳತೆಗಳನ್ನು ಮೇಜಿನ ಮೇಲೆ ನೋಡುವಿರಂತೆ.

ಈ ಭಾಗಾಕಾರ ಸುಲಭ. ಕಷ್ಟ ಇರುವುದು ದಪ್ಪದಲ್ಲಿ. ಕಾರ್ಖಾನೆಯಿಂದ ಹೊರಬಂದ ಕಾರಿನ ಮೈಮೇಲಿನ ಬಣ್ಣದ ಎಲ್ಲ ಪದರಗಳನ್ನು ಕೂಡಿಸಿದರೆ ಸುಮಾರು 100ರಿಂದ 120 ಮೈಕ್ರಾನ್ ಆಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 24ರಿಂದ ಭಾಗಿಸಿ. ಮಾದರಿಯ ಮೇಲೆ ಬಣ್ಣ 5 ಮೈಕ್ರಾನ್ ಇರಬೇಕು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಯಾವ ಏರ್‌ಬ್ರಷ್ಷಿನಿಂದಲೂ ಅದು ಆಗದ ಮಾತು. ನಾವು ಎಷ್ಟೇ ತೆಳುವಾಗಿ ಪ್ರೈಮರ್ ಎಂಬ ತಳದ ಪದರ, ಬಣ್ಣ, ಮೇಲಿನ ಹೊಳಪಿನ ಪದರ ಹಾಕಿದರೂ 60 ಮೈಕ್ರಾನ್ ಆಗಿಬಿಡುತ್ತದೆ. ಅದನ್ನು ತಿರುಗಿಸಿ ಗುಣಿಸಿದರೆ ನಿಜವಾದ ಕಾರಿನ ಮೇಲೆ ಸುಮಾರು ಒಂದೂವರೆ ಮಿಲಿಮೀಟರ್. ಒಂದು ತೆಳು ದೋಸೆಯನ್ನು ಕಾರಿಗೆ ಹೊದಿಸಿದ ಹಾಗೆ! ಬಾಗಿಲಿನ ಸಂದು, ಬಾನೆಟ್ಟಿನ ನಡುವಿನ ಏಣು, ಹಿಡಿಕೆಯ ಕೆಳಗಿನ ತಗ್ಗು ಎಲ್ಲವೂ ಆ ದೋಸೆಯ ಕೆಳಗೆ ಮುಚ್ಚಿಹೋಗುತ್ತವೆ. ನಿಜವಾದ ಬಾಗಿಲಿನ ಸಂದು 5 ಮಿಲಿಮೀಟರ್ ಇದ್ದರೆ ಇಲ್ಲಿ ಅದು 0.2 ಮಿಲಿಮೀಟರ್. ಅದರ ಎರಡೂ ಬದಿಗೆ 0.06 ಬಣ್ಣ ಕೂತರೆ ಉಳಿಯುವುದು 0.08. ಒಂದು ತಲೆಗೂದಲು ತೂರುವಷ್ಟು ಜಾಗ. ಆದ್ದರಿಂದಲೇ ಅನುಭವಿಗಳು ಬಣ್ಣ ಹಾಕುವ ಮೊದಲೇ ಸಂದುಗಳನ್ನು ಮೊನೆಯಿಂದ ಗೀರಿ ಬೇಕಾದುದಕ್ಕಿಂತ ತುಸು ಆಳ ಮಾಡಿಟ್ಟುಕೊಳ್ಳುತ್ತಾರೆ.

ಬಣ್ಣದ ಛಾಯೆಯೂ ಹಾಗೆಯೇ. ಟೈರಿಗೆ ಡಬ್ಬಿಯಿಂದ ತೆಗೆದ ಕಪ್ಪನ್ನೇ ಬಳಿದರೆ ಅದು ಆಟಿಕೆಯಾಗುತ್ತದೆ. ನಿಮ್ಮ ಮನೆಯ ಮುಂದೆ ನಿಂತ ಕಾರಿನ ಟೈರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ ನೋಡಿ. ಅದು ಬೂದು. ಸರ್ಕಾರಿ ಅಂಬಾಸಿಡರಿನ ಬಿಳಿಯೂ ಬಿಳಿಯಲ್ಲ. ನಾನು ಇದಕ್ಕೆ ಹಾಕಿರುವುದರಲ್ಲಿ ಒಂದು ತೊಟ್ಟು ಹಳದಿ, ಅರ್ಧ ತೊಟ್ಟು ಕಂದು ಸೇರಿದೆ.

ಈ ಹವ್ಯಾಸದಲ್ಲಿ ನೋಡುವುದಕ್ಕೆ ಎಷ್ಟು ಬೆಲೆಯಿದೆ ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿಯ ಹೆಸರು ನಿಮಗೆಲ್ಲ ಗೊತ್ತು. 1946ರಲ್ಲಿ ಅದು ಮರ ಕೊಯ್ಯುವ ಕಾರ್ಖಾನೆಯಾಗಿ ಆರಂಭವಾಯಿತು. ಆಮೇಲೆ ಮರದ ಮಾದರಿಗಳು, 1960ರಲ್ಲಿ ಮೊದಲ ಪ್ಲಾಸ್ಟಿಕ್ ಕಿಟ್. 1970ರ ದಶಕದಲ್ಲಿ, ಪೋರ್ಷೆ 911ರ ರೇಸಿಂಗ್ ರೂಪವಾದ ಪೋರ್ಷೆ 934 ಕಾರನ್ನು 1:12ರಲ್ಲಿ ತರಬೇಕು ಎಂದಾಗ ಕಂಪನಿ ಸ್ಥಾಪಿಸಿದವರ ಮಗ ಶುನ್‌ಸಾಕು ತಮಿಯಾ ಒಂದು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ಅದನ್ನು ಬಿಚ್ಚಿಸಿದರು. ಬಿಚ್ಚಿದ್ದನ್ನು ತಿರುಗಿ ಜೋಡಿಸಲು ಪೋರ್ಷೆಯ ಕಡೆಯವರೇ ಬರಬೇಕಾಯಿತು. ಕಿಟ್ 1976ರಲ್ಲಿ ಹೊರಬಂತು. ಚಿತ್ರ ನೋಡಿ ಅಚ್ಚು ಮಾಡಬಹುದಿತ್ತು, ಕೊಳ್ಳುವ ಮಕ್ಕಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೂ ಬಿಚ್ಚಿ ನೋಡಿದರು. ನನ್ನ ಮಟ್ಟಿಗೆ ಮಾದರಿ ಕಟ್ಟುವವನ ಮನಸ್ಸು ಎಂದರೆ ಇದು.

ಇನ್ನೊಂದು ಸಂಗತಿ ಅಮೆರಿಕದ ಡೆಟ್ರಾಯಿಟಿನದು. ಜನರಲ್ ಮೋಟಾರ್ಸಿನ ಫಿಷರ್ ಬಾಡಿ ವಿಭಾಗ 1930ರಿಂದ 1968ರವರೆಗೆ ಹುಡುಗರಿಗಾಗಿ ಒಂದು ಸ್ಪರ್ಧೆ ನಡೆಸಿತು. ಮೊದಮೊದಲು ನೆಪೋಲಿಯನ್ ಕಾಲದ ಕುದುರೆ ಸಾರೋಟಿನ ಮಾದರಿ. 1937ರಿಂದ, ತಮ್ಮ ಕಲ್ಪನೆಯ ಕಾರನ್ನು ತಾವೇ ಕಟ್ಟಿ ಕಳುಹಿಸುವ ವಿಭಾಗವೂ ಸೇರಿತು. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. 1947ರಲ್ಲಿ ಅದನ್ನು ಗೆದ್ದ ಹುಡುಗ ಚಕ್ ಜೋರ್ಡನ್. ಮುಂದೆ ಅವರೇ ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಮನೆಯ ಅಡುಗೆಮನೆಯ ಮೇಜಿನ ಮೇಲೆ ಮರ ಕೆತ್ತುತ್ತಿದ್ದ ಹುಡುಗನ ಕಾರನ್ನು, ಆ ಕೆಲಸ ಬಲ್ಲ ದೊಡ್ಡವರು ಎತ್ತಿಕೊಂಡು ಗಂಭೀರವಾಗಿ ನೋಡುತ್ತಾರೆ ಎಂಬುದೇ ಎಷ್ಟು ದೊಡ್ಡ ವಿಷಯ ಯೋಚಿಸಿ.

ಈಗ ನನ್ನ ಕಾರಿಗೆ ಬರುತ್ತೇನೆ.

ಇದು ಕಿಟ್ ಅಲ್ಲ. ಮೈಯನ್ನು ನಾನೇ ಮಾಡಿಕೊಂಡೆ. ಮೊದಲು ಮರದ ಅಚ್ಚು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರದ ತುಂಡು ತಂದೆ. ಅದರ ಎಳೆ ಬಹಳ ನುಣುಪು, ಉಳಿ ಹಾಕಿದ ಕಡೆ ಸಿಬಿರು ಏಳುವುದಿಲ್ಲ. ಎರಡು ತಿಂಗಳು ಕೆತ್ತಿ, ಉಜ್ಜಿ, ಮತ್ತೆ ಕೆತ್ತಿ ಅಂಬಾಸಿಡರಿನ ಆಕಾರ ಬಂತು. ಆಮೇಲೆ 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾದಾಗ ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಮನೆಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಗಾಳಿ ಎಳೆದೆ. ಹಾಳೆ ಅಚ್ಚನ್ನು ಅಪ್ಪಿಕೊಂಡು ಕ್ಷಣದಲ್ಲಿ ಗಟ್ಟಿಯಾಯಿತು. ಒಂಬತ್ತು ಸಲ ಕೆಟ್ಟು ಹತ್ತನೆಯದು ಸರಿಯಾಗಿ ಬಂದಾಗ ಆದ ಸಂತೋಷವನ್ನು ನಿಮಗೆ ವಿವರಿಸಬೇಕಾಗಿಲ್ಲ.

ಅದನ್ನು ನಮ್ಮ ತಿಂಗಳ ಕೂಟಕ್ಕೆ ತಂದೆ. ಎಲ್ಲರೂ ಮೆಚ್ಚಿಕೊಂಡರು. ಜೀವಮಾನವೆಲ್ಲ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮಾತ್ರ ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಒಂದು ಪ್ರಶ್ನೆ ಕೇಳಿದರು: “ಅಚ್ಚಿನ ಅಳತೆ ಹಿಡಿದದ್ದು ಹಾಳೆಯ ಒಳಮೈಗೋ, ಹೊರಮೈಗೋ?”

ಅಷ್ಟೇ. ನನಗೆ ಕೂಡಲೇ ಹೊಳೆಯಿತು. ಅಚ್ಚನ್ನು ನಾನು ನಿಖರವಾಗಿ 70 ಮಿಲಿಮೀಟರ್ ಅಗಲಕ್ಕೆ ಕೆತ್ತಿದ್ದೆ. ಅದರ ಮೇಲೆ ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಹಾಳೆ ಬಂದು ಕೂತಿದೆ. ಕಾರಿನ ಅಗಲ 72. ನಿಜವಾದ ಕಾರಿನ ಲೆಕ್ಕದಲ್ಲಿ 48 ಮಿಲಿಮೀಟರ್ ಹೆಚ್ಚು. ಎರಡು ತಿಂಗಳಿಂದ ಪ್ರತಿದಿನ ನೋಡುತ್ತಿದ್ದೆ. ಏನೋ ಊದಿಕೊಂಡಂತೆ ಇದೆ ಅನ್ನಿಸಿಯೂ ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಅದು ಬರೀ ಪ್ರೀತಿಯ ಮಾತಲ್ಲ, ಕಣ್ಣಿನ ಮಾತು ಕೂಡ. ದಿನವೂ ನೋಡಿದ್ದನ್ನು ಕಣ್ಣು ಸರಿ ಎಂದು ಒಪ್ಪಿಕೊಂಡುಬಿಡುತ್ತದೆ. ಅಚ್ಚನ್ನು ಸುತ್ತಲೂ ಒಂದು ಮಿಲಿಮೀಟರ್ ಕೆರೆದು ಮತ್ತೆ ಹಾಳೆ ಎಳೆದೆ.

ಆ ಹಿರಿಯರು ಹೇಳಿದ ರೀತಿಯನ್ನು ಗಮನಿಸಿ. ‘ಅಗಲ ತಪ್ಪಿದೆ’ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ನಾನು ಬಹುಶಃ ವಾದ ಮಾಡುತ್ತಿದ್ದೆ, ಏಕೆಂದರೆ ನನ್ನ ಅಚ್ಚು ನಿಜಕ್ಕೂ 70 ಮಿಲಿಮೀಟರ್ ಇತ್ತು. ಅವರು ತಪ್ಪು ಹುಟ್ಟಿದ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟರು. ಕಂಡುಕೊಂಡದ್ದು ನಾನೇ.

ಇನ್ನು ನಾನು ಮಾಡಿದ ಅನ್ಯಾಯ.

ಕೆಲವು ವರ್ಷಗಳ ಹಿಂದೆ ಹೈಸ್ಕೂಲು ಮುಗಿಸಿದ ಒಬ್ಬ ಹುಡುಗ ಕೂಟಕ್ಕೆ ಬಂದ. ಕೈಯಲ್ಲಿ ಶೂ ಡಬ್ಬಿ. ಒಳಗೆ ಹತ್ತಿಯ ಮೇಲೆ ಮಲಗಿಸಿದ 1:24ರ ಜಪಾನೀ ಸ್ಪೋರ್ಟ್ಸ್ ಕಾರು. ಅವನು ಕಟ್ಟಿದ ಮೂರನೆಯ ಕಿಟ್. “ಸರ್, ನೋಡಿ ಹೇಳಿ” ಎಂದ. ನಾನು ನೋಡಿದೆ. ಹೇಳಿದೆ. ಕಿಟಕಿಗಳ ನಡುವಿನ ಕಂಬಗಳ ಮೇಲೆ ಅಚ್ಚಿನ ಗೆರೆ ಹಾಗೇ ಉಳಿದಿದೆ. ಕುಂಚದ ಗೀರು ಎದ್ದು ಕಾಣುತ್ತದೆ. ಕಿಟಕಿಯ ಪ್ಲಾಸ್ಟಿಕ್ಕಿಗೆ ಅಂಟು ತಾಗಿ ಮಬ್ಬಾಗಿದೆ. ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರದ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತಿದೆ. ಎಡಗಡೆಯ ಕನ್ನಡಿ ಸೊಟ್ಟ. ಹೀಗೆ ಹದಿಮೂರು. ಬೆರಳು ಮಡಚಿ ಎಣಿಸಿ ಹೇಳಿದ್ದರಿಂದ ಸಂಖ್ಯೆ ನೆನಪಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. ಕಾರನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಧನ್ಯವಾದ ಹೇಳಿ ಹೋದ. ಮುಂದಿನ ತಿಂಗಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಆ ಹದಿಮೂರರಲ್ಲಿ ಒಂದೂ ಸುಳ್ಳಲ್ಲ. ಆದರೂ ನಾನು ಮಾಡಿದ್ದು ತಪ್ಪು, ಮತ್ತು ಅದು ದನಿ ಗಟ್ಟಿಯಾಗಿತ್ತು, ಮಾತು ಒರಟಾಗಿತ್ತು ಎಂಬ ಕಾರಣಕ್ಕಲ್ಲ. ಮೆತ್ತಗೆ ಹೇಳಿದ್ದರೂ ಅದು ತಪ್ಪೇ ಆಗುತ್ತಿತ್ತು. ಹದಿಮೂರನ್ನು ಒಂದೇ ತೂಕದಲ್ಲಿ ಹೇಳಿದರೆ ಕೇಳಿದವನು ಯಾವುದರಿಂದ ಶುರು ಮಾಡಬೇಕು? ಕಂಬದ ಮೇಲಿನ ಅಚ್ಚಿನ ಗೆರೆ ಮೊದಲು ಕಲಿಯಬೇಕಾದ ಪಾಠ. ಅದನ್ನು ಉಜ್ಜದೆ ಬಣ್ಣದ ಮಾತಾಡಿ ಪ್ರಯೋಜನವಿಲ್ಲ. ಕನ್ನಡಿಯ ಸೊಟ್ಟ ಎರಡು ನಿಮಿಷದ ಕೆಲಸ. ಮಬ್ಬಾದ ಕಿಟಕಿ ಆ ಕಾರಿನಲ್ಲಿ ಸರಿಯಾಗುವುದು ಕಷ್ಟ, ಮುಂದಿನ ಕಾರಿನಲ್ಲಿ ಬಿಳಿ ಅಂಟು ಬಳಸಿದರೆ ತೀರಿತು. ಇವನ್ನು ಬಿಡಿಸಿ ಕೊಡುವುದೇ ನನ್ನ ಕೆಲಸವಾಗಿತ್ತು. ನಾನು ಮೂಟೆಯನ್ನು ಹಾಗೇ ಅವನ ತಲೆಯ ಮೇಲೆ ಇಳಿಸಿದೆ.

ಕೇಳಬೇಕಾದದ್ದನ್ನೂ ಕೇಳಲಿಲ್ಲ. ಅವನ ಹತ್ತಿರ ಏರ್‌ಬ್ರಷ್ ಇರಲಿಲ್ಲ. ಕುಂಚದ ಗೀರು ಕಾಣುತ್ತದೆ ಎಂದು ನಾನು ಹೇಳಿದ್ದರಿಂದ ಅವನಿಗೆ ಏನು ತಿಳಿಯಿತು? ಕಂಪ್ರೆಸರ್ ಕೊಳ್ಳಲು ದುಡ್ಡಿಲ್ಲದವರಿಗೆ ಇದು ಆಗುವ ಕೆಲಸವಲ್ಲ ಎಂದಷ್ಟೇ. ‘ಹೇಗೆ ಹಚ್ಚಿದೆಯಪ್ಪಾ’ ಎಂದು ಕೇಳಿದ್ದರೆ, ಬಣ್ಣವನ್ನು ಹಾಲಿನಷ್ಟು ತೆಳು ಮಾಡಿಕೊಂಡು, ಅಗಲ ಕುಂಚದಿಂದ, ಒಂದು ಪದರ ಪೂರ್ತಿ ಒಣಗಿದ ಮೇಲೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಪದರ ಹಚ್ಚುವುದನ್ನು ಅಲ್ಲೇ ತೋರಿಸಬಹುದಿತ್ತು.

ಎಲ್ಲಕ್ಕಿಂತ ನೋಯಿಸುವುದು ಬೇರೆ. ಆ ದಿನ ತೆಗೆದ ಒಂದು ಫೋಟೋ ನನ್ನ ಮೊಬೈಲಿನಲ್ಲಿ ಇತ್ತು. ತಿಂಗಳುಗಳ ಮೇಲೆ ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ, ಆ ಮಬ್ಬು ಕಿಟಕಿಯ ಒಳಗೆ ಸ್ಟೀರಿಂಗ್ ಚಕ್ರ ಕಂಡಿತು. ಕಿಟ್ಟಿನಲ್ಲಿ ಬಂದ ಬೋಳು ಚಕ್ರವಲ್ಲ. ಅದರ ಸುತ್ತ ಕಪ್ಪು ದಾರದ ಎಳೆಯನ್ನು ಒತ್ತೊತ್ತಾಗಿ ಸುತ್ತಿ, ಚರ್ಮ ಹೊಲಿದಂತೆ ಕಾಣುವ ಹಾಗೆ ಮಾಡಿದ್ದ. ಒಂದು ಹಳೆಯ ಎಂಟಾಣೆ ನಾಣ್ಯಕ್ಕಿಂತ ಚಿಕ್ಕ ಚಕ್ರ. ಅದಕ್ಕೆ ದಾರದ ಒಂದೇ ಎಳೆ ಬಿಡಿಸಿ ಸುತ್ತಲು ಅವನಿಗೆ ಒಂದು ಸಂಜೆಯಾದರೂ ಹಿಡಿದಿರಬೇಕು. ಅವನು ಬಹುಶಃ ತೋರಿಸಲು ಬಂದದ್ದೇ ಅದನ್ನು. ನಾನು ನೋಡಿಯೇ ಇರಲಿಲ್ಲ. ಹುಡುಕಿಕೊಂಡು ಅವನ ಮನೆಗೆ ಹೋದೆ. ಓದಲು ಬೇರೆ ಊರಿಗೆ ಹೋಗಿದ್ದಾನೆ ಎಂದರು.

ಅಂದಿನಿಂದ, ಯಾರೇ ಕಾರು ತಂದಿಟ್ಟರೂ ಮೊದಲ ಐದು ನಿಮಿಷ ನಾನು ಬಾಯಿ ತೆರೆಯುವುದಿಲ್ಲ. ಕಟ್ಟಿದವರು ಎಲ್ಲಿ ಹೆಚ್ಚು ಹೊತ್ತು ಕಳೆದಿದ್ದಾರೆ ಎಂದು ಹುಡುಕುತ್ತೇನೆ. ಅದು ಸಿಗದೆ ಉಳಿದದ್ದರ ಬಗ್ಗೆ ಮಾತನಾಡುವುದಿಲ್ಲ. ಇದು ಸಿಹಿ ಹಚ್ಚಿ ಗುಳಿಗೆ ನುಂಗಿಸುವ ಉಪಾಯವಲ್ಲ ಎಂದು ದಯವಿಟ್ಟು ತಿಳಿಯಿರಿ. ಕಟ್ಟಿದವರು ಏನನ್ನು ಹಿಡಿಯಲು ಹೊರಟಿದ್ದರು ಎಂದು ಗೊತ್ತಿಲ್ಲದೆ, ಅದು ಎಲ್ಲಿ ತಪ್ಪಿತು ಎಂದು ಹೇಳಲು ಸಾಧ್ಯವೇ ಇಲ್ಲ. ತುಕ್ಕು ಹಿಡಿದು ಮೂಲೆಗೆ ಬಿದ್ದ ಕಾರನ್ನು ಕಟ್ಟಿದವರಿಗೆ ಹೊಳಪು ಸಾಲದು ಎಂದರೆ ಏನರ್ಥ?

ಇನ್ನು ಮಾತಿನ ನಿಖರತೆ. ನಮ್ಮಲ್ಲಿ ಹೆಚ್ಚು ಕೇಳಿಬರುವ ಮಾತು ‘ಚೆನ್ನಾಗಿದೆ’. ಅದರಿಂದ ಹಾನಿಯಿಲ್ಲ, ಮನಸ್ಸಿಗೆ ಹಿತವೂ ಹೌದು, ಆದರೆ ಮನೆಗೆ ಹೋದ ಮೇಲೆ ಕೈಗೆ ಮಾಡಲು ಏನೂ ಕೊಡುವುದಿಲ್ಲ. ಹಾನಿ ಮಾಡುವುದು ಇನ್ನೊಂದು: ‘ಇನ್ನೂ ಸ್ವಲ್ಪ ಚೆನ್ನಾಗಿ ಮಾಡಬಹುದಿತ್ತು.’ ಏನನ್ನು, ಎಲ್ಲಿ, ಎಷ್ಟು? ಕೇಳಿದವರು ಇಡೀ ಕಾರನ್ನೇ ಅನುಮಾನದಿಂದ ನೋಡಲು ಶುರು ಮಾಡುತ್ತಾರೆ.

‘ಬಣ್ಣ ಸರಿಯಾಗಿ ಬಂದಿಲ್ಲ’ ಎಂಬುದನ್ನೇ ತೆಗೆದುಕೊಳ್ಳಿ. ಹೀಗೆ ಹೇಳಿ ನೋಡೋಣ. ಬಾನೆಟ್ಟಿನ ಬಲಭಾಗದಲ್ಲಿ ಮೈ ಕಿತ್ತಳೆ ಸಿಪ್ಪೆಯಂತಾಗಿದೆ, ಚಾವಣಿಯ ಮೇಲೆ ಆಗಿಲ್ಲ. ಅಂದರೆ ಬಣ್ಣದ ಹದ ಬಹುಶಃ ಸರಿಯೇ ಇತ್ತು. ಬಾನೆಟ್ಟಿಗೆ ಬರುವಾಗ ಕೈ ದೂರ ಹೋಗಿ, ಹನಿಗಳು ಹರಡಿ ಸಮವಾಗುವ ಮೊದಲೇ ಒಣಗಿವೆ. 2000 ನಂಬರಿನ ಮರಳು ಕಾಗದವನ್ನು ಸೋಪಿನ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, 4000, 8000ಕ್ಕೆ ಏರಿ, ಕೊನೆಗೆ ಪಾಲಿಷ್ ಹಾಕಿದರೆ ಈ ಕಾರಿನಲ್ಲೇ ಸರಿಹೋಗುತ್ತದೆ. ಆದರೆ ಬಾನೆಟ್ಟಿನ ನಡುವಿನ ಏಣಿನ ಮೇಲೆ ಉಜ್ಜಬೇಡಿ, ಅಲ್ಲಿ ಬಣ್ಣ ತೆಳುವಾಗಿರುತ್ತದೆ, ಪ್ರೈಮರ್ ಕಾಣಿಸಿಕೊಳ್ಳುತ್ತದೆ. ಇಷ್ಟು ಹೇಳಲು ಒಂದು ನಿಮಿಷವೂ ಬೇಡ.

ಕೆಲವೊಮ್ಮೆ ತಪ್ಪು ಕೈಯದ್ದೇ ಅಲ್ಲ. ಕರಾವಳಿಯಿಂದ ಒಬ್ಬರು ಜುಲೈ ತಿಂಗಳಲ್ಲಿ ಬಣ್ಣ ಹಾಕಿದ ಕಾರು ತಂದಿದ್ದರು. ಕಡು ಕೆಂಪಿನ ಮೇಲೆ ಹಾಲು ಚೆಲ್ಲಿ ಒರೆಸಿದಂಥ ಮಬ್ಬು. ಅವರು ಬಣ್ಣದ ಡಬ್ಬಿಯನ್ನೇ ಬೈಯುತ್ತಿದ್ದರು. ಲ್ಯಾಕರ್ ಬಣ್ಣದ ದ್ರಾವಕ ಬೇಗ ಆವಿಯಾಗುವಾಗ ಮೈಯನ್ನು ತಂಪು ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ನೀರಿನ ಕಣ ಬಣ್ಣದ ಮೇಲೆ ಕೂತು ಬೆಳ್ಳಗಾಗುತ್ತದೆ. ನಿಧಾನವಾಗಿ ಒಣಗುವ ತಿನ್ನರ್ ಬಳಸಿ, ಇಲ್ಲವೇ ಮಳೆ ಬಿಡುವು ಕೊಟ್ಟ ದಿನಕ್ಕೆ ಕಾಯಿರಿ ಎಂದರೆ ಮುಗಿಯಿತು. ಕೈ ಬಿಟ್ಟು ಹವಾಮಾನದ ಕಡೆಗೆ ಬೆರಳು ತೋರಿಸಿದಾಗ ಆ ಮನುಷ್ಯನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ.

ಹೇಳುವುದಕ್ಕೂ ಒಂದು ಹದವಾದ ಹೊತ್ತು ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮುಗಿದ ಕಾರನ್ನು ಮಾತ್ರ ತೋರಿಸುವ ನಮ್ಮ ಅಭ್ಯಾಸ ಬಿಡಬೇಕು ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬೂದು ಪ್ರೈಮರ್ ಹಾಕಿದ ದಿನ ತೋರಿಸಿ. ಬಿಳಿ ಪ್ಲಾಸ್ಟಿಕ್ ಎಲ್ಲವನ್ನೂ ಬಚ್ಚಿಡುತ್ತದೆ, ಬೂದು ಬಣ್ಣ ಬಯಲು ಮಾಡುತ್ತದೆ. ಪುಟ್ಟಿ ಕುಗ್ಗಿದ ತಗ್ಗು, ಅಚ್ಚಿನಿಂದ ಹೊರತಳ್ಳಿದ ಕಡ್ಡಿಯ ದುಂಡು ಗುರುತು, ಉಜ್ಜಿ ಉಳಿದ ಗೀರು ಎಲ್ಲ ಆ ದಿನ ಕಾಣುತ್ತವೆ, ಆ ದಿನವೇ ತಿದ್ದಲೂ ಆಗುತ್ತದೆ. ತೋರಿಸುವವರೂ ‘ಹೇಗಿದೆ’ ಎಂದು ಕೇಳಬೇಡಿ. ‘ಹಿಂದಿನ ಗಾಜಿನ ಬಾಗು ಸರಿಯೇ’ ಎಂದು ಕೇಳಿ. ಕೇಳಿದ ಪ್ರಶ್ನೆಯಷ್ಟೇ ಉತ್ತರ ಚೂಪಾಗಿ ಬರುತ್ತದೆ.

ಪ್ಲಾಸ್ಟಿಕ್ ಮಾದರಿಗಳ ಅಂತಾರಾಷ್ಟ್ರೀಯ ಸಂಘ 1963ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿತು, ಈಗ ಹಲವು ದೇಶಗಳಲ್ಲಿ ಅದರ ಶಾಖೆಗಳಿವೆ. ಅಲ್ಲಿಯ ತೀರ್ಪುಗಾರರ ಪದ್ಧತಿಯಿಂದ ನಾನು ಒಂದು ವಿಷಯ ಕಲಿತೆ. ಮೊದಲು ಮೂಲ ಕೆಲಸ: ಬೆಸುಗೆಯ ಗೆರೆ, ಸಂದು, ನಾಲ್ಕೂ ಚಕ್ರ ನೆಲ ಮುಟ್ಟಿವೆಯೇ, ಎಡ ಬಲ ಸಮವೇ. ಸೂಕ್ಷ್ಮ ವಿವರ ಆಮೇಲೆ. ಎಂಜಿನ್ನಿಗೆ ನೂರು ತಂತಿ ಎಳೆದು, ಒಂದು ಚಕ್ರ ಗಾಳಿಯಲ್ಲಿ ನಿಂತಿದ್ದರೆ ಆ ಕಾರು ನಿಂತಿಲ್ಲ. ಚಕ್ರದ ಕೆಳಗೆ ತೆಳು ಕಾಗದದ ಪಟ್ಟಿ ತೂರಿಸಿ ನೋಡಿ, ಗೊತ್ತಾಗುತ್ತದೆ.

ಎಂಜಿನ್ ಎಂದಾಗ ಕಡ ತಂದ ಎರಡನೆಯ ಕಣ್ಣು ನೆನಪಾಯಿತು. ಬಾನೆಟ್ ಎತ್ತಿ ತೋರಿಸುತ್ತೇನೆ. ಇದು 1489 ಸಿಸಿಯ, ನಾಲ್ಕು ಸಿಲಿಂಡರಿನ ಎಂಜಿನ್. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ನಿಜವಾದ ತಂತಿಯ ದಪ್ಪ ಸುಮಾರು 7 ಮಿಲಿಮೀಟರ್. ಇಲ್ಲಿ ಅದು 0.3. ಬಹಳ ಹುಡುಕಿ, ಕೊನೆಗೆ ಕೆಟ್ಟುಹೋದ ಇಯರ್‌ಫೋನಿನ ವೈರಿನ ಒಳಗೆ ಸರಿಯಾದ ಎಳೆ ಸಿಕ್ಕಿತು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ತಲೆ ಅಕ್ಕಿ ಕಾಳಿಗಿಂತ ಚಿಕ್ಕದು. ಕೈಯಲ್ಲಿ ತಿರುಗಿಸುವ ಬೈರಿಗೆಯಿಂದ ಅದರಲ್ಲಿ ನಾಲ್ಕು ತೂತು ಕೊರೆದು, ನಾಲ್ಕು ತಂತಿ ಎಳೆದು ನಾಲ್ಕು ಪ್ಲಗ್ಗಿಗೆ ಮುಟ್ಟಿಸಿದೆ. ಭೂತಗನ್ನಡಿ ಹಿಡಿದು ನೋಡಿದ ಗೆಳೆಯರು ಭೇಷ್ ಎಂದರು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಗ್ಯಾರೇಜ್ ಇದೆ. ಅಲ್ಲಿಯ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಕೈಯ ಗ್ರೀಸ್ ಒರೆಸಿಕೊಂಡು, ಮುಟ್ಟದೆ, ಬಗ್ಗಿ ನೋಡಿದರು. “ಗಾಡಿ ಸ್ಟಾರ್ಟ್ ಆಗುವುದಿಲ್ಲವಲ್ಲ” ಎಂದರು. ನಾನು ಮುಖ ನೋಡಿದೆ. “ಕಾಯಿಲ್‌ನಿಂದ ಬರುವ ತಂತಿ ಎಲ್ಲಿ? ಡಿಸ್ಟ್ರಿಬ್ಯೂಟರ್ ನಡುವಿಗೆ ಒಂದು ಬರಬೇಕು. ಹಂಚುವುದಕ್ಕೆ ಮೊದಲು ಅದಕ್ಕೆ ಕರೆಂಟು ಬರಬೇಕಲ್ಲವೇ?” ಐದನೆಯ ತಂತಿ! ಅದನ್ನು ಎಳೆಯುವ ಮೊದಲು ಇನ್ನೊಂದು ಮಾತು ಕೇಳಿದರು. ನಾಲ್ಕು ತಂತಿಯನ್ನು ತಲೆಯ ಸುತ್ತ 1, 2, 3, 4 ಎಂದು ಸಾಲಾಗಿ ಹಾಕಿದ್ದೀರಾ? ಹಾಗೆಯೇ ಹಾಕಿದ್ದೆ. ಈ ಎಂಜಿನ್ ಉರಿಯುವ ಕ್ರಮ 1, 3, 4, 2 ಎಂದರು. ಎಲ್ಲವನ್ನೂ ಕಿತ್ತು ಮತ್ತೆ ಎಳೆದೆ. ಈಗ ನೋಡಿ, ಮೂರನೆಯ ಮತ್ತು ಎರಡನೆಯ ಪ್ಲಗ್ಗಿನ ತಂತಿಗಳು ಒಂದನ್ನೊಂದು ದಾಟಿ ಹೋಗುತ್ತವೆ. ಆ ಒಂದು ದಾಟುವಿಕೆಯಿಂದಲೇ ಇದಕ್ಕೆ ಎಂಜಿನ್ನಿನ ಕಳೆ ಬಂದದ್ದು.

ಮಾತು ಮುಗಿಸುವ ಹೊತ್ತಿಗೆ ಸಭೆಯಿಂದ ಎರಡು ಪ್ರಶ್ನೆಗಳು ಬಂದವು. ಮೊದಲನೆಯದು: ಕೇಳದೇ ಇದ್ದರೂ ತಪ್ಪು ಹೇಳಬಹುದೇ? ನನ್ನ ಉತ್ತರ: ಬೇಡ. ಪ್ರದರ್ಶನದ ಮೇಜಿನ ಮೇಲೆ ಇಟ್ಟ ಮಾತ್ರಕ್ಕೆ ಅದು ಕೇಳಿದಂತೆ ಆಗುವುದಿಲ್ಲ. ‘ಒಂದು ವಿಷಯ ಕಂಡಿತು, ಹೇಳಲೇ’ ಎಂದು ಅನುಮತಿ ಕೇಳಿ. ಬೇಡ ಎನ್ನುವ ಹಕ್ಕು ಅವರಿಗಿದೆ. ಫೋಟೋ ನೋಡಿ ಹೇಳುವಾಗಂತೂ ಇನ್ನೂ ಎಚ್ಚರ ಬೇಕು. ಮೊಬೈಲ್ ಪರದೆಯಲ್ಲಿ 0.1 ಮಿಲಿಮೀಟರ್ ಗೀರು ಬೆರಳಷ್ಟು ದಪ್ಪ ಕಾಣುತ್ತದೆ. ಕಣ್ಣಿಗೆ ಕಾಣದ್ದನ್ನು ತಪ್ಪು ಎಂದು ಹೇಳಿ ಯಾರ ನಿದ್ದೆಯನ್ನೂ ಕೆಡಿಸಬಾರದು.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ತರುಣಿಯದು. “ಮನೆಯವರಿಗೆ ತೋರಿಸುತ್ತೇನೆ. ಅವರಿಗೆ ಇದರ ಗಂಧಗಾಳಿ ಇಲ್ಲ. ಅವರ ಮಾತನ್ನು ಎಷ್ಟು ತೆಗೆದುಕೊಳ್ಳಬೇಕು?” ಮೂರನೆಯ ಕಣ್ಣಿನ ಕತೆಯನ್ನು ಆ ಪ್ರಶ್ನೆಗೆ ಉತ್ತರವಾಗಿ ಹೇಳಿದೆ.

ಕಾರು ಮುಗಿದ ದಿನ ಊರಿಗೆ ಹೋಗಿ ತಂದೆಯವರ ಮುಂದೆ ಇಟ್ಟೆ. ಅವರಿಗೆ ಈಗ ಎಂಬತ್ತು ದಾಟಿದೆ. ಚಿಕ್ಕದು ಕಾಣುವುದಿಲ್ಲ. ಟೀಪಾಯಿಯ ಮೇಲಿಟ್ಟ ಕಾರನ್ನು ಕುರ್ಚಿಯಿಂದಲೇ, ಪಕ್ಕದಿಂದ ನೋಡಿದರು. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ತಂತಿಗಳನ್ನು ತೋರಿಸಿದೆ, ಹೂಂ ಎಂದರು. ಬಹಳ ಹೊತ್ತಿನ ಮೇಲೆ, “ಇದನ್ನು ಯಾರೂ ಓಡಿಸಿಲ್ಲ” ಎಂದರು.

ಏಕೆ ಎಂದು ಕೇಳಿದೆ. “ಹಿಂಭಾಗ ಎತ್ತಿಕೊಂಡು ನಿಂತಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ, ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ. ಕೆಲಸ ಮಾಡಿದ ಗಾಡಿ ಹಿಂದೆ ಸ್ವಲ್ಪ ಕೂತಿರುತ್ತದೆ. ಎರಡು ವರ್ಷಕ್ಕೆಲ್ಲ ಪ್ಲೇಟುಗಳು ಸೋಲುತ್ತವೆ.” ಪ್ಲೇಟು ಎಂದರೆ ಹಿಂದಿನ ಲೀಫ್ ಸ್ಪ್ರಿಂಗ್. ಎಷ್ಟು ಕೂತಿರುತ್ತದೆ ಎಂದು ಕೇಳಿದ್ದಕ್ಕೆ ತೋರುಬೆರಳು ಮತ್ತು ಹೆಬ್ಬೆರಳನ್ನು ಅಗಲಿಸಿ ತೋರಿಸಿದರು. ನಾನು ಆ ಬೆರಳುಗಳ ನಡುವೆ ಸ್ಕೇಲ್ ಹಿಡಿದೆ. ಒಂದು ಅಂಗುಲಕ್ಕೆ ಕೂದಲೆಳೆ ಕಡಿಮೆ. 24 ಮಿಲಿಮೀಟರ್.

ನನ್ನ ಕಾರಿನಲ್ಲಿ ಅದು ಸರಿಯಾಗಿ ಒಂದು ಮಿಲಿಮೀಟರ್. ಅಲ್ಲೇ ಜಗುಲಿಯ ಮೇಲೆ ಕೂತು ಹಿಂದಿನ ಚಕ್ರಗಳ ಆಕ್ಸಲ್ ಬಿಚ್ಚಿ, ಸ್ಪ್ರಿಂಗಿನ ಮೇಲಿನ ಪ್ಲಾಸ್ಟಿಕ್ ತುಂಡನ್ನು ಒಂದು ಮಿಲಿಮೀಟರ್ ಅರದಿಂದ ತೇದು, ಮತ್ತೆ ಜೋಡಿಸಿ ಅದೇ ಟೀಪಾಯಿಯ ಮೇಲೆ ಇಟ್ಟೆ.

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಒಳಗಿನಿಂದ ಕನ್ನಡಕ ತರಲು ಹೇಳಿದರು.